ಗೋಡೆ ಒರೆಸುವ ಮೊದಲು ನೀರು ಹುಡುಕಿ

ಆಷಾಢ ಮುಗಿದು ಶ್ರಾವಣ ಕಾಲಿಡುವ ಹೊತ್ತಿಗೆ ಕರಾವಳಿ, ಮಲೆನಾಡು, ಕೊಡಗಿನ ಮನೆಗಳಲ್ಲಿ ಬೂಷ್ಟು ತನ್ನ ಜಾಗ ಹಿಡಿದಾಗಿರುತ್ತದೆ. ಬೀರುವಿನ ಹಿಂದಿನ ಗೋಡೆಯಲ್ಲಿ ಬೂದು ಚುಕ್ಕೆ, ಬಚ್ಚಲಿನ ಮೇಲ್ಮೂಲೆಯಲ್ಲಿ ಕಪ್ಪು ಕಲೆ, ಚರ್ಮದ ಬೆಲ್ಟಿನ ಮೇಲೆ ಬಿಳಿ ಪುಡಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಮುಗ್ಗಲು ವಾಸನೆ. ಮಳೆ ಅಷ್ಟಾಗಿ ಹೊಡೆಯದ ಬೆಂಗಳೂರಿನ ಫ್ಲ್ಯಾಟುಗಳಲ್ಲೂ ಈಗ ಇದೇ ದೂರು. ಇದಕ್ಕೆ ನಾವು ಮಾಡುವ ಉಪಚಾರವೂ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಬ್ಲೀಚ್ ಹಾಕಿ ಒರೆಸುವುದು, ಸ್ವಲ್ಪ ಪುಟ್ಟಿ ಎಳೆಸುವುದು, ದೀಪಾವಳಿಗೆ ಮುಂಚೆ ಪೇಂಟರನ್ನು ಕರೆಸುವುದು. ಮುಂದಿನ ಮಳೆಗಾಲಕ್ಕೆ ಕಲೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮರಳಿ ಮೂಡುತ್ತದೆ. ಹೀಗಾಗುವುದು ಬಣ್ಣ ಕಳಪೆಯಾದ್ದರಿಂದಲ್ಲ, ಒರೆಸಿದ್ದು ಸಾಲದೆಯೂ ಅಲ್ಲ. ಬೂಷ್ಟು ಎಂಬುದು ಕಾಯಿಲೆಯ ಲಕ್ಷಣ, ಕಾಯಿಲೆ ನೀರು. ಆ ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ಸಿಕ್ಕಂತೆ: ನಾವೇ ಒರೆಸಿದರೆ ಸಾಕೇ, ಯಾರನ್ನಾದರೂ ಕರೆಸಬೇಕೇ, ಕರೆಸುವುದಾದರೆ ಯಾರನ್ನು, ಖರ್ಚು ಯಾರದು. ಕಲೆ ಎಷ್ಟು ಕಪ್ಪಗಿದೆ ಎಂದು ನೋಡಿ ಹೆದರುವುದಕ್ಕಿಂತ ನೀರಿನ ದಾರಿ ಹುಡುಕುವುದು ಮುಖ್ಯ ಎಂಬುದು ಈ ಬರಹದ ವಾದ.

ಬೂಷ್ಟಿನ ಬೀಜಕಣಗಳು ಇಲ್ಲದ ಮನೆ ಈ ಭೂಮಿಯ ಮೇಲಿಲ್ಲ. ಕಣ್ಣಿಗೆ ಕಾಣದ ಅವು ಗಾಳಿಯಲ್ಲಿ, ದೂಳಿನಲ್ಲಿ, ಚಪ್ಪಲಿಯ ಅಡಿಯಲ್ಲಿ ದಿನವೂ ಒಳಗೆ ಬರುತ್ತವೆ. ಅವು ಮೊಳೆತು ಹರಡಲು ಬೇಕಾದದ್ದು ಮೂರು: ತಿನ್ನಲು ಏನಾದರೂ, ಹದವಾದ ಬಿಸುಪು, ತೇವ. ತಿನ್ನಲು ಮರ, ಪ್ಲೈವುಡ್, ಕಾಗದ, ಬಟ್ಟೆ, ಬಣ್ಣದೊಳಗಿನ ಅಂಟು, ಕೊನೆಗೆ ಗೋಡೆಗೆ ಮೆತ್ತಿದ ದೂಳೂ ಆಗುತ್ತದೆ. ನಮ್ಮ ಹವೆಯಂತೂ ವರ್ಷವಿಡೀ ಅವಕ್ಕೆ ಹಿತವಾದದ್ದೇ. ಈ ಎರಡನ್ನೂ ಮನೆಯಿಂದ ಹೊರಗಿಡುವುದು ಆಗದ ಮಾತು, ನಮ್ಮ ಕೈಯಲ್ಲಿರುವುದು ಮೂರನೆಯದು ಮಾತ್ರ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಬೂಷ್ಟು ಬೆಳೆಯುವುದಿಲ್ಲ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಮನೆಯೊಳಗಿನ ಗಾಳಿಯ ತೇವಾಂಶ ಶೇ 60ಕ್ಕಿಂತ ಕೆಳಗಿರಲಿ, ಸಾಧ್ಯವಾದರೆ 30ರಿಂದ 50ರ ನಡುವೆ ಇರಲಿ ಎಂಬುದೂ ಅದರದೇ ಸಲಹೆ. ಮೊದಲನೆಯ ಮಾತು ಯಾವ ದೇಶಕ್ಕೂ ಸಲ್ಲುತ್ತದೆ. ಎರಡನೆಯದು ಆಗುಂಬೆಯಲ್ಲೋ ಮಂಗಳೂರಿನಲ್ಲೋ ಜುಲೈ ತಿಂಗಳಲ್ಲಿ ಕೇಳಿದವರಿಗೆ ನಡೆಯದ ಮಾತೆನಿಸುತ್ತದೆ. ಅಲ್ಲಿ ಹೊರಗಿನ ಗಾಳಿಯೇ ಶೇ 90ರ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಒಂದು ಲೆಕ್ಕ ಬಿಡಿಸಿ ನೋಡಬೇಕು, ಏಕೆಂದರೆ ಬೂಷ್ಟಿನ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಂಪು ದೇಶಗಳಲ್ಲಿ ಹುಟ್ಟಿದವು. ‘ಕಿಟಕಿ ತೆರೆದಿಡಿ, ಗಾಳಿಯಾಡಲಿ’ ಎಂಬುದು ಅವುಗಳಲ್ಲಿ ಮೊದಲನೆಯದು. ಲಂಡನ್ನಿನ ಚಳಿಗಾಲದಲ್ಲಿ ಅದು ನಿಜ. ಸೊನ್ನೆ ಡಿಗ್ರಿಯಲ್ಲಿರುವ ಗಾಳಿ ಒಂದು ಘನ ಮೀಟರಿಗೆ 5 ಗ್ರಾಮಿನಷ್ಟೂ ನೀರನ್ನು ಹೊರಲಾರದು. ಆ ಗಾಳಿ ಮನೆಯೊಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದಾಗ ಅದರ ತೇವಾಂಶ ಶೇ 30ಕ್ಕಿಂತ ಕೆಳಗಿಳಿದು, ಗೋಡೆಯ ಪಸೆಯನ್ನು ಹೀರುತ್ತದೆ. ಮಂಗಳೂರಿನ ಮಳೆಗಾಲದ ಗಾಳಿ 25 ಡಿಗ್ರಿಯಲ್ಲಿ, ಶೇ 90 ತೇವಾಂಶದಲ್ಲಿ, ಘನ ಮೀಟರಿಗೆ ಸುಮಾರು 20 ಗ್ರಾಂ ನೀರನ್ನು ಹೊತ್ತೇ ಒಳಗೆ ಬರುತ್ತದೆ. ಅದು ಗೋಡೆಯನ್ನು ಒಣಗಿಸುವ ಬದಲು ಇನ್ನಷ್ಟು ನೆನೆಸುತ್ತದೆ. ಅದೇ ಗಾಳಿಯನ್ನು ಆರು ಡಿಗ್ರಿ ಬಿಸಿ ಮಾಡಿದರೆ ತೇವಾಂಶ ಶೇ 65ರ ಹತ್ತಿರಕ್ಕೆ ಇಳಿಯುತ್ತದೆ. ಮಲೆನಾಡಿನ ಹಳೆಯ ಮನೆಗಳು ಮಾಡುತ್ತಿದ್ದುದು ಇದನ್ನೇ. ಅಡುಗೆ ಒಲೆ, ಬಚ್ಚಲೊಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿದ್ದವು. ಅವುಗಳ ಮೇಲಿನ ಅಟ್ಟದಲ್ಲಿ ಅಡಿಕೆ, ಮೆಣಸು, ಬಿತ್ತನೆ ಬೀಜ ಬೆಚ್ಚಗಿದ್ದವು. ಹೊಗೆ ಮನೆಯವರ ಎದೆಗೆ, ಅದರಲ್ಲೂ ಒಲೆಯ ಮುಂದೆ ಕೂರುತ್ತಿದ್ದ ಹೆಂಗಸರ ಎದೆಗೆ, ಕೆಟ್ಟದ್ದೇ ಮಾಡಿತು. ಆದರೆ ಗೋಡೆಯನ್ನು ಒಣಗಿಸುವ ಕೆಲಸವನ್ನು ಆ ಬೆಂಕಿ ಮಾಡುತ್ತಿತ್ತು. ಗ್ಯಾಸ್ ಒಲೆ, ಗೀಸರ್ ಬಂದ ಮೇಲೆ ಆ ಕೆಲಸಕ್ಕೆ ಬೇರೆ ಯಾವುದನ್ನೂ ನಾವು ನೇಮಿಸಲಿಲ್ಲ.

ಹಾಗೆಂದು ಕಿಟಕಿ ಮುಚ್ಚಿ ಕೂರಬೇಕೆಂದಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ಗಂಟೆಗಳಲ್ಲಿ ತೆರೆಯಬೇಕು, ಜಡಿಮಳೆಯ ದಿನ ಎಲ್ಲ ಕಿಟಕಿ ತೆರೆದಿಟ್ಟು ಗಾಳಿಯಾಡುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳಬಾರದು. ಅದಕ್ಕಿಂತ ಮುಖ್ಯವಾದದ್ದು, ನಾವೇ ಹುಟ್ಟಿಸುವ ಆವಿ. ಮೆಷೀನಿನಲ್ಲಿ ಹಿಂಡಿ ಬಂದ ಒಂದು ಸಲದ ಬಟ್ಟೆಯಲ್ಲೂ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. ಅದನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದರೆ ಅಷ್ಟೂ ನೀರು ಕೋಣೆಯ ಗಾಳಿಗೆ ಸೇರಿ, ರಾತ್ರಿ ತಂಪಾದ ಹೊರಗೋಡೆಯ ಮೇಲೆ ಕೂರುತ್ತದೆ. ಬಟ್ಟೆ ಒಣಗಿಸಲು ಒಂದೇ ಕೋಣೆ ಇಟ್ಟುಕೊಂಡು, ಅದರ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕುವುದು. ಅನ್ನ ಬೇಯುವಾಗ, ಸ್ನಾನವಾದ ಮೇಲೆ ಅರ್ಧ ಗಂಟೆ ಹಬೆಯನ್ನು ಹೊರದೂಡುವುದು. ಬೀರುವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಡುವುದು. ಬೀರುವಿನೊಳಗೆ ಕೈ ತೂರುವಷ್ಟು ಸಡಿಲವಾಗಿ ಬಟ್ಟೆ ಇಡುವುದು. ಇವೆಲ್ಲ ದುಡ್ಡಿಲ್ಲದೆ ಆಗುವ ಕೆಲಸಗಳು. ದುಡ್ಡಿದ್ದವರು ಡಿಹ್ಯೂಮಿಡಿಫೈಯರ್ ತರಬಹುದು, ಎ.ಸಿ. ಇದ್ದರೆ ಮಳೆಗಾಲದಲ್ಲಿ ಡ್ರೈ ಮೋಡಿನಲ್ಲಿ ಓಡಿಸಬಹುದು. ಆದರೆ ಈ ಯಂತ್ರಗಳು ಕೆಲಸ ಮಾಡುವುದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾತ್ರ. ಮಂಗಳೂರು ಹೆಂಚಿನ ಸಂದಿನಿಂದ ಗಾಳಿ ಬರುವ ಮನೆಯಲ್ಲಿ ಅವು ಊರಿನ ತೇವವನ್ನೆಲ್ಲ ಹೀರಲು ಹೊರಟು ಕರೆಂಟು ಬಿಲ್ಲು ಏರಿಸುತ್ತವೆ ಅಷ್ಟೇ.

ಗಾಳಿಯ ತೇವ ಒಂದು ಮೂಲವಾಯಿತು. ಉಳಿದ ಮೂಲಗಳು ಗೋಡೆಯೊಳಗಿವೆ: ತಾರಸಿಯಿಂದಲೋ ಹೊರಗೋಡೆಯ ಬಿರುಕಿನಿಂದಲೋ ಇಳಿಯುವ ಮಳೆ, ಒಡೆದ ಪೈಪು ಅಥವಾ ಬಚ್ಚಲಿನ ಟೈಲ್ಸ್ ಸಂದಿನಿಂದ ಜಿನುಗುವ ನೀರು, ಬುನಾದಿಯಿಂದ ಗೋಡೆ ಹಿಡಿದು ಮೇಲೇರುವ ನೆಲದ ಪಸೆ. ಇವು ಒಂದೊಂದೂ ತಮ್ಮದೇ ಗುರುತು ಬಿಡುತ್ತವೆ, ತಾಳ್ಮೆಯಿಂದ ನೋಡಬೇಕು. ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಡಿ. ಜೋರು ಮಳೆಯಾದ ಮರುದಿನ ಕಲೆ ಗೆರೆ ದಾಟಿದರೆ ನೀರು ಹೊರಗಿನದು. ಮಳೆಯಿಲ್ಲದ ಫೆಬ್ರುವರಿಯಲ್ಲೂ ದಾಟುತ್ತಿದ್ದರೆ ಪೈಪು ಅಥವಾ ಬಚ್ಚಲನ್ನು ಅನುಮಾನಿಸಬೇಕು. ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಟ್ಯಾಂಕಿನ ಮಟ್ಟವನ್ನು ರಾತ್ರಿ ಗುರುತು ಹಾಕಿ ಬೆಳಿಗ್ಗೆ ನೋಡಿದರೆ ಪೈಪಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ ಅಥವಾ ಕರಗುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಪಟ್ಟಿಯಂತೆ ಗಾರೆ ಉದುರಿ, ಮೇಲೆ ಬಿಳಿ ಪುಡಿ ಕಂಡರೆ ಅದು ಬುನಾದಿಯ ಪಸೆ. ಆ ಬಿಳಿ ಪುಡಿ ಬಹುತೇಕ ಬೂಷ್ಟೇ ಅಲ್ಲ, ನೀರು ಹೊತ್ತು ತಂದು ಬಿಟ್ಟುಹೋದ ಉಪ್ಪು. ಒಂದು ಚಿಟಿಕೆ ಕೆರೆದು ನೀರಿಗೆ ಹಾಕಿದರೆ ಹೆಚ್ಚಾಗಿ ಕರಗಿಹೋಗುತ್ತದೆ, ಬೂಷ್ಟು ಕರಗುವುದಿಲ್ಲ. ಇನ್ನೊಂದು ಪರೀಕ್ಷೆಗೆ ಒಂದು ಪ್ಲಾಸ್ಟಿಕ್ ಹಾಳೆ ಸಾಕು. ಕಲೆಯನ್ನು ಒರೆಸಿ ಒಣಗಿಸಿದ ಜಾಗದ ಮೇಲೆ ಒಂದಡಿ ಚೌಕದ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕೂತಿದ್ದರೆ ನೀರು ಕೋಣೆಯ ಗಾಳಿಯದು, ಗೋಡೆಗೆ ತಾಗಿದ ಒಳಮೈ ಬೆವತಿದ್ದರೆ ನೀರು ಗೋಡೆಯೊಳಗಿನದು. ಮೊದಲನೆಯದಾದರೆ ಮನೆಯವರ ರೂಢಿ ಬದಲಾದರೆ ಸಾಕಾಗಬಹುದು. ಎರಡನೆಯದನ್ನು ಯಾವ ಒರೆಸುವ ಬಟ್ಟೆಯೂ ವಾಸಿ ಮಾಡದು.

‘ಇದೆಲ್ಲ ಈಗಿನವರ ಗಾಬರಿ, ನಮ್ಮ ಹಿರಿಯರು ಇದೇ ಮಳೆಯಲ್ಲಿ ಬಾಳಿ ಬದುಕಲಿಲ್ಲವೇ’ ಎನ್ನುವವರಿದ್ದಾರೆ. ಹಿರಿಯರು ಬದುಕಿದ್ದು ಬೇರೆ ಮನೆಯಲ್ಲಿ. ಜೂನ್ ಹತ್ತಿರ ಬರುವಾಗ ಇರಿಚಲು ಬಡಿಯುವ ಕಡೆಯ ಮಣ್ಣಿನ ಗೋಡೆಗೆ ಅವರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಯಿಂದ ಗಜಗಟ್ಟಲೆ ಮುಂದೆ ಚಾಚಿದ ಮಾಡು ಹನಿಯನ್ನು ಗೋಡೆಯ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಗೋಡೆಗೆ ಬಳಿಯುತ್ತಿದ್ದುದು ಸುಣ್ಣ. ಹೊಸ ಸುಣ್ಣ ತೀರಾ ಕ್ಷಾರೀಯ, ಅದರ ಮೇಲೆ ಬೂಷ್ಟು ಹತ್ತುವುದು ಕಷ್ಟ, ಜೊತೆಗೆ ಅದು ಗೋಡೆಯೊಳಗಿನ ಪಸೆಯನ್ನು ಹೊರಗೆ ಬಿಡುತ್ತದೆ. ಕಾಲ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದರ ಕ್ಷಾರಗುಣ ತಗ್ಗುವುದರಿಂದ ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ರೂಢಿಗೆ ಹಬ್ಬವಲ್ಲದೆ ಈ ಕಾರಣವೂ ಇತ್ತು. ಈಗಿನ ಮನೆಯ ಬಗೆ ಬೇರೆ. ಸಿಮೆಂಟ್ ಬ್ಲಾಕಿನ ತೆಳುಗೋಡೆ, ಒಂದೂವರೆ ಅಡಿಯ ಸಜ್ಜಾ, ಚಪ್ಪಟೆ ತಾರಸಿ, ಒಳಗೂ ಹೊರಗೂ ಪ್ಲಾಸ್ಟಿಕ್ಕಿನ ಹಾಗೆ ಮುಚ್ಚಿಕೊಳ್ಳುವ ಎಮಲ್ಷನ್. ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬೀಳುವ ದಾರಿಯಿಲ್ಲದೆ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿಯುತ್ತದೆ. ಗೃಹಪ್ರವೇಶದ ಮುಹೂರ್ತಕ್ಕೆ ಓಡಿ ಹಸಿ ಗಾರೆಯ ಮೇಲೇ ಪುಟ್ಟಿ, ಬಣ್ಣ ಹೊಡೆಸಿದ ಮನೆಗಳಲ್ಲಿ ಮೊದಲ ಮಳೆಗಾಲಕ್ಕೇ ಇದು ಕಾಣುತ್ತದೆ. ಕಾಂಕ್ರೀಟ್ ಮನೆ ಕಟ್ಟಿದ ಮೇಲೆ ಕರಾವಳಿಯ ಜನ ತಾರಸಿಯ ಮೇಲೆ ಮತ್ತೆ ತಗಡಿನ ಮಾಡು ಹೊದಿಸುತ್ತಿರುವುದನ್ನು ನೋಡಿದರೆ ತಿಳಿಯುತ್ತದೆ, ಆ ಮಳೆಗೆ ಯಾವ ಮನೆ ತಕ್ಕದ್ದೆಂದು ಹಿರಿಯರು ಎಷ್ಟು ಸರಿಯಾಗಿ ಅರಿತಿದ್ದರು ಎಂದು.

ಬದುಕಿದರು ಎಂಬುದೇ ತೊಂದರೆಯಿರಲಿಲ್ಲ ಎಂಬುದಕ್ಕೆ ಪುರಾವೆಯೂ ಅಲ್ಲ. ಮಳೆಗಾಲವಿಡೀ ಬಿಡದ ಕೆಮ್ಮು, ಉಬ್ಬಸಗಳನ್ನು ‘ಶೀತದ ಮೈ’ ಎಂದು ಕರೆದು ಮುಂದೆ ಹೋದದ್ದೇ ಹೆಚ್ಚು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನು ಜಾಲಾಡಿ, ತೇವ ಮತ್ತು ಬೂಷ್ಟು ಇರುವ ಮನೆಗಳಿಗೂ ಕೆಮ್ಮು, ಉಬ್ಬಸ, ಮೂಗು ಗಂಟಲಿನ ತೊಂದರೆ, ಆಸ್ತಮಾ ಇರುವವರಲ್ಲಿ ಅದು ಕೆರಳುವುದಕ್ಕೂ ಸಂಬಂಧವಿರುವುದಕ್ಕೆ ಸಾಕಷ್ಟು ಆಧಾರವಿದೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಅದನ್ನೇ ದೃಢಪಡಿಸಿತು. ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸುರಕ್ಷಿತ ಎಂಬ ಅಂಕಿಯನ್ನು ಮಾತ್ರ ಅದು ಕೊಡಲಿಲ್ಲ, ತೇವವನ್ನೇ ತಡೆಯಿರಿ ಎಂದಿತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ತೀರಿಕೊಂಡ ಎರಡು ವರ್ಷದ ಅವಾಬ್ ಇಶಾಕ್‌ನ ಸಾವಿಗೆ ಬಾಡಿಗೆ ಮನೆಯ ಬೂಷ್ಟಿನಲ್ಲಿ ಬಹುಕಾಲ ಉಸಿರಾಡಿದ್ದೇ ಕಾರಣ ಎಂದು 2022ರಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಮಗುವಿನ ತಂದೆ ಮತ್ತೆ ಮತ್ತೆ ದೂರು ಕೊಟ್ಟಿದ್ದರು, ಬಣ್ಣ ಹೊಡೆದುಕೊಳ್ಳಿ ಎಂಬ ಮಾತು ಅವರಿಗೆ ಸಿಕ್ಕ ಉತ್ತರಗಳಲ್ಲೊಂದು. ಅಲ್ಲಿ ಆ ಮಗುವಿನ ಹೆಸರಿನಲ್ಲೇ ಈಗ ಕಾನೂನಿದೆ, ಸಾಮಾಜಿಕ ವಸತಿಯ ಮಾಲೀಕರು ತೇವ, ಬೂಷ್ಟಿನ ದೂರನ್ನು ಗೊತ್ತುಪಡಿಸಿದ ಅವಧಿಯೊಳಗೆ ತನಿಖೆ ಮಾಡಬೇಕು. ಇಂಥ ಸಾವು ಅಪರೂಪ. ಆದರೆ ಪುಟ್ಟ ಮಕ್ಕಳು, ವಯಸ್ಸಾದವರು, ಆಸ್ತಮಾ ಇರುವವರು ಮಲಗುವ ಕೋಣೆಯ ಬೂಷ್ಟನ್ನು ಮಳೆಗಾಲದ ಸಹಜ ಅಲಂಕಾರವೆಂದು ಬಿಡುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದ ಭಯವೂ ಇದೆ. ಕಪ್ಪು ಬೂಷ್ಟು ಎಂದರೆ ವಿಷ, ಲ್ಯಾಬಿಗೆ ಕಳಿಸಿ ಜಾತಿ ಪತ್ತೆ ಮಾಡಿಸಲೇಬೇಕು ಎಂಬುದು. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ ‘ಕಪ್ಪು ಶಿಲೀಂಧ್ರ’ದ ನೆನಪು ಈ ಭಯಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಅದು ಮ್ಯೂಕರ್‌ಮೈಕೋಸಿಸ್, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟಿರಾಯ್ಡ್ ಸೇರಿ ಮೈಯ ಕಾವಲು ಕುಸಿದವರನ್ನು ಹಿಡಿದ ಸೋಂಕು. ಅದರಲ್ಲಿ ಕಪ್ಪಾಗುವುದು ಸತ್ತ ಅಂಗಾಂಶ. ಬಚ್ಚಲ ಗೋಡೆಯ ಕಪ್ಪು ಕಲೆಗೂ ಆ ಹೆಸರಿಗೂ ನಂಟಿಲ್ಲ. ಬಣ್ಣ ನೋಡಿ ಬೂಷ್ಟಿನ ಅಪಾಯ ಅಳೆಯಲಾಗದು, ಕಪ್ಪು, ಹಸಿರು, ಬೂದು ಎಲ್ಲವನ್ನೂ ತೆಗೆಯಬೇಕಾದದ್ದೇ, ತೆಗೆಯುವ ವಿಧಾನವೂ ಒಂದೇ. ಹಾಗಿರುವಾಗ ಗಾಳಿಯ ಮಾದರಿ ಹಿಡಿದು ವರದಿ ಕೊಡುವವರಿಗೆ ಸಾವಿರಾರು ರೂಪಾಯಿ ತೆತ್ತು ಸಿಗುವುದೇನು? ವರದಿಯನ್ನು ಹೋಲಿಸಿ ನೋಡಲು ಒಪ್ಪಿತ ಮಿತಿಯೇ ಇಲ್ಲ. ಆ ಹಣವನ್ನು ಸೋರಿಕೆ ಹುಡುಕುವವರಿಗೆ ಕೊಡುವುದು ಮೇಲು. ಮನೆಯಲ್ಲಿ ಒಬ್ಬರಿಗೆ ಉಬ್ಬಸ ಬಿಡುತ್ತಿಲ್ಲ ಎಂದಾದರೆ ಪರೀಕ್ಷೆ ಆಗಬೇಕಾದದ್ದು ಗೋಡೆಗಲ್ಲ, ಅವರಿಗೆ, ಶ್ವಾಸಕೋಶದ ವೈದ್ಯರ ಹತ್ತಿರ.

ಹಾಗಾದರೆ ನಾವೇ ಒರೆಸಬಹುದಾದದ್ದು ಎಷ್ಟು? ಮೊದಲು ಹೇಳಿದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸುಮಾರು 10 ಚದರ ಅಡಿ, ಅಂದರೆ ಮೂರಡಿಗೆ ಮೂರಡಿ, ಎಂಬ ಗಡಿ ಹಾಕಿದೆ. ಅದರೊಳಗಿದ್ದು, ಮೇಲ್ಮೈಯದಷ್ಟೇ ಆಗಿದ್ದು, ಒರೆಸುವವರು ಆರೋಗ್ಯವಂತರಾಗಿದ್ದರೆ ಬೇರೆಯವರನ್ನು ಕರೆಸುವ ಅಗತ್ಯವಿಲ್ಲ. ಕೋವಿಡ್ ಕಾಲದಲ್ಲಿ ತಂದಿಟ್ಟ ಎನ್‌95 ಮಾಸ್ಕ್ ಇಲ್ಲಿ ಬೇಕು, ಬಟ್ಟೆ ಮಾಸ್ಕ್ ಸಾಲದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ಫ್ಯಾನ್ ನಿಲ್ಲಿಸಿ, ಒಳಬಾಗಿಲು ಮುಚ್ಚಿ, ಕಿಟಕಿ ತೆರೆದು, ಕಲೆಯ ಮೇಲೆ ಸಾಬೂನು ನೀರು ಚಿಮುಕಿಸಿ ತೇವ ಮಾಡಿದ ಮೇಲೆಯೇ ಉಜ್ಜಬೇಕು. ಒಣಗಿದ ಬೂಷ್ಟನ್ನು ಪೊರಕೆಯಿಂದಲೋ ಬ್ರಷ್ಷಿನಿಂದಲೋ ಕೆರೆದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಕಲೆ ಹೋದ ಮೇಲೆ ಆ ಜಾಗ ಪೂರ್ತಿ ಒಣಗಬೇಕು, ನಿಜವಾದ ಕೆಲಸ ಅದೇ. ಬ್ಲೀಚ್ ಬೇಕೇ ಬೇಕೆಂದಿಲ್ಲ. ಟೈಲ್ಸಿನಂಥ ನೀರು ಹೀರದ ಮೈಯ ಮೇಲೆ ಅದು ಕೆಲಸ ಮಾಡುತ್ತದೆ, ಗಾರೆ ಮರಗಳಲ್ಲಿ ಬಣ್ಣ ಬಿಳುಪಾಗಿ ಕಲೆ ಹೋದಂತೆ ಕಾಣುತ್ತದೆಯೇ ಹೊರತು ಒಳಕ್ಕೆ ಇಳಿದದ್ದು ಉಳಿಯಬಹುದು. ಬ್ಲೀಚ್ ಬಳಸಲೇಬೇಕೆಂದಿದ್ದರೆ ಒಂದು ಎಚ್ಚರಿಕೆಯನ್ನು ಮರೆಯಲೇಬಾರದು. ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಕ್ಲೀನರ್, ಟೈಲ್ಸ್ ತೊಳೆಯುವ ಆಸಿಡ್ ಅಕ್ಕಪಕ್ಕದಲ್ಲೇ ಇರುತ್ತವೆ. ಎರಡು ಸೇರಿಸಿದರೆ ಇನ್ನೂ ಚೆನ್ನಾಗಿ ಹೋಗುತ್ತದೆಂದು ಬೆರೆಸುವವರಿದ್ದಾರೆ. ಬ್ಲೀಚಿಗೆ ಯಾವುದೇ ಆಸಿಡ್ ತಾಗಿದರೂ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ಕ್ಲೀನರುಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಮ್ಲವೇ, ವಿನೆಗರ್ ಕೂಡ ಆಮ್ಲವೇ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಸೇರಿದರೂ ವಿಷಾನಿಲ ಹುಟ್ಟುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದನ್ನು ಉಸಿರಾಡಿದವರು ಆಸ್ಪತ್ರೆ ಸೇರಬೇಕಾದೀತು. ಬೂಷ್ಟಿನಿಂದ ಆಗುವುದಕ್ಕಿಂತ ದೊಡ್ಡ ಅನಾಹುತ ಅದು.

10 ಚದರ ಅಡಿ ಎಂಬುದನ್ನು ನಾನು ಕಟ್ಟುನಿಟ್ಟಾದ ಗೆರೆಯೆಂದು ಎಣಿಸುವುದಿಲ್ಲ. ಒಂದು ಗೇಣಿನ ಕಲೆಯೇ ಮೂರು ಸಲ ಒರೆಸಿದರೂ ಅದೇ ಜಾಗದಲ್ಲಿ ಬರುತ್ತಿದ್ದರೆ, ಆಳೆತ್ತರದ ಆದರೆ ಬೀರುವಿನ ಹಿಂದಿನ ತೇವದಿಂದ ಮಾತ್ರ ಬಂದ ಕಲೆಗಿಂತ ಅದು ಗಂಭೀರ. ಸ್ಲ್ಯಾಬಿನ ತಳದಲ್ಲಿ ಕಂದು ಗೆರೆ ಮೂಡಿ ಕಾಂಕ್ರೀಟ್ ಚಕ್ಕೆ ಏಳುತ್ತಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ ಎಂದರ್ಥ. ಅಲ್ಲಿ ಮಾತು ಬೂಷ್ಟಿನದಲ್ಲ, ಸೂರಿನ ಭದ್ರತೆಯದು, ಸಿವಿಲ್ ಎಂಜಿನಿಯರ್ ಬಂದು ನೋಡಲೇಬೇಕು. ತೇವದ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೇನ್ ತೆಗೆದು ಮೊದಲು ಎಲೆಕ್ಟ್ರೀಷಿಯನ್. ಜಿಪ್ಸಮ್ ಫಾಲ್ಸ್ ಸೀಲಿಂಗ್ ಜೋತುಬಿದ್ದಿದ್ದರೆ, ಗೋಡೆಗೆ ಕೂಡಿಸಿದ ಪ್ಲೈವುಡ್ ಕಪಾಟಿನಿಂದ ಮುಗ್ಗಲು ವಾಸನೆ ಬರುತ್ತಿದ್ದೂ ಏನೂ ಕಾಣದಿದ್ದರೆ, ಒಳಗಡೆ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿದೆ ಎಂದು ತಿಳಿಯಬೇಕು. ಚರಂಡಿ ನೀರು ನುಗ್ಗಿದ ಮನೆ, 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ದಂಡೆಯಲ್ಲಿ ಆದಂತೆ ದಿನಗಟ್ಟಲೆ ನೆರೆಯಲ್ಲಿ ನಿಂತ ಮನೆ, ಇವು ಒಬ್ಬರು ಬಕೆಟ್ಟು ಹಿಡಿದು ಮಾಡುವ ಕೆಲಸವಲ್ಲ. ಅಂಥ ನೀರು ಕುಡಿದ ಹಾಸಿಗೆ, ದಿಂಬು, ಸೋಫಾಗಳನ್ನು ಎಷ್ಟೇ ಹೊಟ್ಟೆ ಉರಿದರೂ ಎಸೆಯಬೇಕು. ಆಸ್ತಮಾ ಇರುವವರು, ಕೀಮೋಥೆರಪಿ ಪಡೆಯುತ್ತಿರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು ಕಲೆ ಎಷ್ಟೇ ಚಿಕ್ಕದಿರಲಿ ತಾವು ಕೈ ಹಚ್ಚಬಾರದು.

ಕರೆಸುವುದಾದರೆ ಯಾರನ್ನು ಎಂಬಲ್ಲಿ ನಾವು ಹೆಚ್ಚು ಎಡವುತ್ತೇವೆ. ಪೇಂಟರ್ ಬಂದರೆ ಡ್ಯಾಂಪ್ ಪ್ರೂಫ್ ಬಣ್ಣ ಹೇಳುತ್ತಾರೆ, ವಾಟರ್‌ಪ್ರೂಫಿಂಗ್ ಕಂಪನಿಯವರು ಬಂದರೆ ತಾರಸಿಗೆಲ್ಲ ಕೋಟಿಂಗ್ ಹೇಳುತ್ತಾರೆ, ಪೆಸ್ಟ್ ಕಂಟ್ರೋಲಿನವರು ಔಷಧದ ಹೊಗೆ ಹಾಕುತ್ತೇವೆ ಎನ್ನುತ್ತಾರೆ. ಅವರವರ ಕೈಯಲ್ಲಿರುವ ಸರಕನ್ನು ಅವರು ಹೇಳುವುದು ಸಹಜ, ಅದನ್ನು ಮೋಸ ಎನ್ನಲಾಗದು. ಆದರೆ ಅವರಲ್ಲಿ ನೀರು ಎಲ್ಲಿಂದ ಎಂದು ಹುಡುಕಲು ಬಂದವರು ಯಾರೂ ಇಲ್ಲ. ಆದ್ದರಿಂದ ಹುಡುಕುವವರನ್ನೂ ಮಾಡುವವರನ್ನೂ ಬೇರೆ ಬೇರೆ ಇಡುವುದು ಒಳ್ಳೆಯದು. ರಿಪೇರಿಯ ಗುತ್ತಿಗೆ ಹಿಡಿಯದ ಒಬ್ಬ ಸಿವಿಲ್ ಎಂಜಿನಿಯರಿಗೆ ಫೀ ಕೊಟ್ಟು ಒಮ್ಮೆ ಮನೆ ತೋರಿಸಿದರೆ, ತಪ್ಪಾದ ಜಾಗಕ್ಕೆ ಲಕ್ಷ ರೂಪಾಯಿಯ ಕೋಟಿಂಗ್ ಹೊಡೆಸುವುದು ತಪ್ಪಬಹುದು. ಗುತ್ತಿಗೆದಾರರನ್ನೇ ಕರೆಸಿದರೂ ಕೇಳಬೇಕಾದದ್ದು ರೇಟಲ್ಲ, ನೀರಿನ ಮೂಲವನ್ನು ಹೇಗೆ ಖಚಿತಪಡಿಸಿಕೊಂಡಿರಿ ಎಂಬುದು. ಮಾಯಿಶ್ಚರ್ ಮೀಟರ್ ಇಟ್ಟು ಒದ್ದೆಯಾದ ಗೋಡೆಯನ್ನೂ ಒಣಗೋಡೆಯನ್ನೂ ಹೋಲಿಸಿ ತೋರಿಸುತ್ತಾರೆಯೇ? ಮೇಲಿನ ಬಚ್ಚಲಿನ ನೀರು ಹೋಗುವ ತೂತು ಮುಚ್ಚಿ ಒಂದೆರಡು ದಿನ ನೀರು ನಿಲ್ಲಿಸಿ ನೋಡುತ್ತಾರೆಯೇ? ಕೆಲಸ ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ಒಪ್ಪಿಸುತ್ತಾರೆಯೇ? ಹಳೆಯ ಗಾರೆ ಕಿತ್ತು ಗೋಡೆ ಒಣಗಲು ಎಷ್ಟು ವಾರ ಬಿಡುತ್ತಾರೆ? ಬಂದ ದಿನವೇ ಬಣ್ಣದ ಶೇಡ್ ಕಾರ್ಡ್ ಬಿಚ್ಚುವವರಿಗೆ ಈ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಮಾತಿನ ಗ್ಯಾರಂಟಿಯನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು, ಕೊನೆಯ ಕಂತನ್ನು ಒಂದು ಮಳೆ ಕಳೆದ ಮೇಲೆ ಕೊಡುವ ಒಪ್ಪಂದವಾದರೆ ಇನ್ನೂ ಉತ್ತಮ.

ಇಷ್ಟೆಲ್ಲ ಖರ್ಚು ಯಾರು ಭರಿಸುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ನೀರಿನ ಮೂಲ ಗೊತ್ತಾದರೆ ಅದಕ್ಕೂ ಉತ್ತರ ಸಿಗುತ್ತದೆ. ರೇರಾ ಎಂದು ನಾವು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಮನೆ ಕೈಗೆ ಬಂದ ಐದು ವರ್ಷದೊಳಗೆ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರು 30 ದಿನದಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕು. ಗೋಡೆಯೊಳಗಿನ ಪೈಪು ಸೋರಿಕೆ, ತಾರಸಿ ಸೋರಿಕೆ ಅಂಥ ದೋಷಗಳೆಂದು ಕೇಳಲು ಇದು ಆಧಾರ. ಫ್ಲ್ಯಾಟ್ ಮಾಲೀಕರು ಬೂಷ್ಟು ಒರೆಸುತ್ತ ಆರನೇ ವರ್ಷಕ್ಕೆ ಕಾಲಿಟ್ಟರೆ ಆ ಹಕ್ಕು ಕೈಜಾರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಮುಖ್ಯ ಗೋಡೆ, ಸೂರುಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಭಾಗಗಳು, ಅಲ್ಲಿಂದ ನೀರು ಬಂದರೆ ರಿಪೇರಿ ಸಂಘದ ಹೊಣೆ, ಕೊನೆಯ ಮಹಡಿಯವರ ಹಣೆಬರಹವಲ್ಲ. ಬಾಡಿಗೆದಾರರ ಪಾಡು ಹೆಚ್ಚು ಕಷ್ಟದ್ದು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ವಾಡಿಕೆ. ಹೊರಟವರ ದುಡ್ಡಿನಲ್ಲಿ ಕಲೆ ಮುಚ್ಚಿ ಹೊಸಬರಿಗೆ ಮನೆ ತೋರಿಸಲಾಗುತ್ತದೆ, ಸೋರಿಕೆ ಹಾಗೆಯೇ ಇರುತ್ತದೆ. ಮನೆ ನೋಡಲು ಹೋದಾಗ ಬಚ್ಚಲಿನ ಆಚೆಬದಿಯ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಬೇಕು, ಕಪಾಟಿನ ಬಾಗಿಲು ತೆರೆದು ವಾಸನೆ ನೋಡಬೇಕು, ಕಂಡ ಕಲೆಗಳ ಫೋಟೊ ತೆಗೆದು ಒಪ್ಪಂದದ ದಿನವೇ ಮಾಲೀಕರ ಮೊಬೈಲಿಗೆ ಕಳಿಸಬೇಕು.

ಇನ್ನು ಕಾಲದ ಮಾತು. ಜುಲೈಯಲ್ಲಿ ಗೋಡೆ ಕರಗುವುದನ್ನು ಕಂಡು ಆಗಲೇ ವಾಟರ್‌ಪ್ರೂಫಿಂಗ್ ಮಾಡಿಸಲು ಹೊರಟರೆ ಹಣ ನೀರಲ್ಲಿ ಹೋಮ. ಒದ್ದೆ ಮೈಗೆ ಯಾವ ಕೋಟಿಂಗೂ ಸರಿಯಾಗಿ ಅಂಟುವುದಿಲ್ಲ. ಮಳೆಗಾಲ ಪತ್ತೆಯ ಕಾಲ. ಪೆನ್ಸಿಲ್ ಗೆರೆ, ತಾರೀಖು, ಪ್ಲಾಸ್ಟಿಕ್ ಹಾಳೆ, ಯಾವ ದಿನದ ಮಳೆಗೆ ಯಾವ ಮೂಲೆ ನೆನೆಯಿತು ಎಂಬ ಟಿಪ್ಪಣಿ, ಎಂಜಿನಿಯರ್ ಬಂದು ನೋಡುವುದು, ಇವೆಲ್ಲ ನೀರು ಹರಿಯುತ್ತಿರುವಾಗಲೇ ಆಗಬೇಕು, ಬೇಸಗೆಯಲ್ಲಿ ಬಂದವರಿಗೆ ಒಣಗಿದ ಕಲೆ ಬಿಟ್ಟು ಬೇರೇನೂ ಸಿಗದು. ತಾರಸಿಗೆ ತಾತ್ಕಾಲಿಕವಾಗಿ ಟಾರ್ಪಾಲು ಹೊದಿಸಿ ಉಳಿದ ಮಳೆ ದಾಟಿಸಬಹುದು. ಪೈಪು ಒಡೆದಿದ್ದರೆ ಮಾತ್ರ ಕಾಯುವಂತಿಲ್ಲ, ಅದೇ ವಾರ ಪ್ಲಂಬರನ್ನು ಕರೆಸಬೇಕು. ಉಳಿದ ಕೆಲಸವನ್ನು ಗೋಡೆಗೆ ಎರಡು ಮೂರು ತಿಂಗಳ ಬಿಸಿಲು ತಾಗಿದ ಮೇಲೆ, ಫೆಬ್ರುವರಿಯಿಂದ ಏಪ್ರಿಲ್ ನಡುವೆ ಹಿಡಿಯಬೇಕು. ಬಿರುಕು ತುಂಬಿ, ತಾರಸಿಯ ಇಳಿಜಾರು ಸರಿಪಡಿಸಿ, ನೀರು ನಿಲ್ಲಿಸಿ ಪರೀಕ್ಷಿಸಿ, ಹೊಸ ಗಾರೆ ಪೂರ್ತಿ ಒಣಗಲು ತಿಂಗಳಾದರೂ ಬಿಟ್ಟು, ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕು. ಬಣ್ಣಕ್ಕೆ ದುಡ್ಡು ಸಾಲದೆ ಹೋದರೆ ಗೋಡೆಯನ್ನು ಒಂದು ವರ್ಷ ಬರೀ ಗಾರೆಯಲ್ಲೇ ಬಿಡಿ, ಮುಂದಿನ ಮಳೆಯಲ್ಲಿ ರಿಪೇರಿ ನಿಂತಿದೆಯೋ ಇಲ್ಲವೋ ಎಂಬುದು ಬಣ್ಣವಿಲ್ಲದ ಗೋಡೆಯಲ್ಲೇ ಬೇಗ ಗೊತ್ತಾಗುತ್ತದೆ.